ಮೊದಲ ಬ್ರೆಡ್ಡಿನ ತುದಿ

ಜನವರಿ ೧೧

ಬನ್ನೂ,

ಫೋನಿನಲ್ಲಿ ಮಾತಾಡಿದರೆ ಎರಡನೇ ಮಾತಿಗೇ ನಮ್ಮಿಬ್ಬರಲ್ಲಿ ಒಬ್ಬಳು ಪಟ್ಟನೆ ಇಟ್ಟುಬಿಡುತ್ತಾಳೆ. ಅದಕ್ಕೇ ಈ ಕಾಗದ. ಇದನ್ನು ನೀನು ಹರಿದು ಬಿಸಾಡಬಹುದು, ಆದರೆ ಮಧ್ಯದಲ್ಲಿ ಬಾಯಿ ಹಾಕಲಾರೆ.

ನನ್ನ ಎಡಮಂಡಿ ಕೈಕೊಟ್ಟಿದೆ. ಒಲೆಯ ಮುಂದೆ ಒಂದು ಗಂಟೆ ನಿಂತರೆ ಆಮೇಲೆ ಗೋಡೆ ಹಿಡಿದುಕೊಂಡೇ ಓಡಾಡಬೇಕು. ಮೂಳೆ ಡಾಕ್ಟರ ಹತ್ತಿರ ಹೋದೆ. ಮಂಡಿ ಬದಲಾಯಿಸಬೇಕು ಎಂದರು. ಸರಿ, ಬದಲಾಯಿಸಿ ಎಂದೆ. ಈಗ ಆಗಲ್ಲವಂತೆ, ಮೊದಲು ಹದಿನೈದು ಕಿಲೋ ಇಳಿಸಿಕೊಂಡು ಬರಬೇಕಂತೆ. ಏನೋ ಮೂಟೆ ಇಳಿಸಿ ಬಂದಷ್ಟು ಸಲೀಸಾಗಿ ಹೇಳಿದರು! ಪಕ್ಕದ ಕೋಣೆಯಲ್ಲಿ ಆಹಾರದ ಮೇಡಂ ಒಬ್ಬಳು ಕೂತಿರುತ್ತಾಳೆ. ಅವಳೊಂದು ಹಾಳೆ ಕೊಟ್ಟಳು. ಬ್ರೆಡ್ಡು ಬೇಡ, ಅನ್ನ ಬೇಡ, ಆಲೂಗಡ್ಡೆ ಬೇಡ, ಸಕ್ಕರೆಯ ಹೆಸರೇ ಎತ್ತಬೇಡ.

"ಕೆಲಸ ಏನು ಮಾಡ್ತೀರಿ?" ಅಂತ ಕೇಳಿದಳು.

"ಬ್ರೆಡ್ಡು ಮಾಡ್ತೀನಿ," ಅಂದೆ.

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ.

ಮನೆಯಲ್ಲಿ ತೂಕದ ಯಂತ್ರ ಎಲ್ಲಿದೆ? ಹಿಟ್ಟಿನ ಮೂಟೆ ತೂಗುವ ತಕ್ಕಡಿ ಮೇಲೇ ಹತ್ತಿ ನಿಂತೆ. ಒಲೆ ನೋಡಿಕೊಳ್ಳುವ ನಮ್ಮ ಆಳು ಗಡಿಯಾರ, ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದ್ದಕ್ಕೆ ಅಪ್ಪ ಇಟ್ಟ ಹೆಸರು ನೆನಪಿದೆಯಲ್ಲ, ಅವನು ಮುಳ್ಳು ಎಲ್ಲಿ ನಿಂತಿತೆಂದು ಗಟ್ಟಿಯಾಗಿ ಓದಿದ. ಬ್ರೆಡ್ಡಿಗೆ ಸಾಲು ನಿಂತಿದ್ದವರು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಟ್ಟಿಸಿಕೊಂಡು ಹೋಗಲು ಮಂಡಿ ಬಿಡಲಿಲ್ಲ, ನಿಂತಲ್ಲೇ ಅವನ ಜನ್ಮ ಜಾಲಾಡಿದೆ.

ಕೇಳಬೇಕಾದ್ದು ಇಷ್ಟೇ. ಆಪರೇಷನ್ ಆದರೆ ಮೂರು ವಾರ ನನ್ನ ಜೊತೆ ಮನೆಯವರು ಒಬ್ಬರು ಇರಬೇಕಂತೆ. ಮನೆಯವರು ಅಂದರೆ ನೀನೊಬ್ಬಳೇ. ಅಪ್ಪ ಹೋದ ಮೇಲೆ ನೀನು ಈ ಹೊಸ್ತಿಲು ತುಳಿದಿಲ್ಲ. ಬರುತ್ತೀಯೋ ಇಲ್ಲವೋ ಬರೆ. ಮಂಡಿ ಸರಿಯಾಗದಿದ್ದರೆ ಒಲೆ ಆರಿಸಿ ಬಾಗಿಲು ಹಾಕುವುದೇ.

ಇಂತಿ,
ಕುಂಟುತ್ತಿರುವ ಅಕ್ಕ

*

ಜನವರಿ ೨೪

ಅಕ್ಕನಿಗೆ,

ಹಾಳೆಯಲ್ಲಿ ಹೇಳಿದಂತೆ ಮಾಡು. ವಾದ ಮಾಡಬೇಡ.

ಮೊದಲ ವಾರ ಹಸಿವು ಪ್ರಾಣ ಹಿಂಡುತ್ತದೆ. ತಲೆ ನೋಯುತ್ತದೆ, ಕಂಡವರ ಮೇಲೆಲ್ಲ ಹರಿಹಾಯುತ್ತೀಯ. ಅದು ನಿನಗೆ ಹೊಸದೇನಲ್ಲ. ತಕ್ಕಡಿ ಬೇಗ ಇಳಿಯುತ್ತದೆ, ಕುಣಿದಾಡಬೇಡ, ಮೊದಲು ಹೋಗುವುದರಲ್ಲಿ ಹೆಚ್ಚಿನದು ನೀರು. ಆಮೇಲೆ ಹಸಿವು ತಾನಾಗಿಯೇ ಅಡಗುತ್ತದೆ. ಮೊಟ್ಟೆ, ಮೀನು, ಕಾಳು, ತರಕಾರಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಬ್ರೆಡ್ಡಿನ ಹಾಗೆ ಎರಡು ಗಂಟೆಗೆ ಮತ್ತೆ ಬಾಗಿಲು ಬಡಿಯುವುದಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀಯ. ಹೊಲಿಗೆ ಅಂಗಡಿ ಇಟ್ಟವಳಿಗೆ ಊರಿನ ಸೊಂಟಗಳೆಲ್ಲ ಗೊತ್ತು. ಬ್ರೆಡ್ಡು ಬಿಟ್ಟೆ, ಅನ್ನ ಬಿಟ್ಟೆ ಎಂದು ಬೀಗುತ್ತಾ ಬಂದು ಜೂನಿನಲ್ಲಿ ಒಳಗೆ ಹಿಡಿಸಿಕೊಂಡ ಹೊಲಿಗೆಯನ್ನು ಅವರೇ ಮಾರ್ಚಿನಲ್ಲಿ ಮುಖ ತಗ್ಗಿಸಿಕೊಂಡು ಬಂದು ಬಿಚ್ಚಿಸಿಕೊಳ್ಳುತ್ತಾರೆ. ಅದಕ್ಕೇ ನಾನು ಮಿಕ್ಕ ಬಟ್ಟೆಯನ್ನು ಎಂದೂ ಕತ್ತರಿಸುವುದಿಲ್ಲ, ಒಳಗೆ ಮಡಚಿ ಬಿಡುತ್ತೇನೆ.

ನಾನು ಬ್ರೆಡ್ಡು ಬಿಟ್ಟು ಹನ್ನೊಂದು ವರ್ಷ ಆಯಿತು. ನನಗೆ ಹಸಿವು ಅನ್ನುವುದೇ ಆಗುವುದಿಲ್ಲ. ಮನಸ್ಸು ಗಟ್ಟಿ ಇದ್ದರೆ ಎಲ್ಲ ಆಗುತ್ತದೆ.

ಮೂರು ವಾರದ ಮಾತು ಆಮೇಲೆ. ಇನ್ನೊಂದು. ನನ್ನನ್ನು ಬನ್ನು ಎಂದು ಕರೆಯಬೇಡ.

ನಿನ್ನ ತಂಗಿ

*

ಫೆಬ್ರವರಿ ೬

ಬನ್ನೂ,

ಮನಸ್ಸು ಗಟ್ಟಿ ಇರಬೇಕಂತೆ! ನೀನು ಕತ್ತರಿ ದಾರದ ಮಧ್ಯೆ ಕೂತು ಮನಸ್ಸು ಗಟ್ಟಿ ಮಾಡಿಕೊಂಡವಳು. ದಾರ ಘಮ್ಮೆನ್ನುತ್ತದಾ? ಬಾ, ಇಲ್ಲಿ ಒಲೆಯ ಬಾಗಿಲು ತೆಗೆದಾಗ ಒಂದು ಸಲ ನಿಂತು ನೋಡು. ನಲವತ್ತು ಬ್ರೆಡ್ಡು ಒಟ್ಟಿಗೆ ಮುಖಕ್ಕೆ ಬಿಸಿಯುಸಿರು ಬಿಡುತ್ತವೆ, ಮೇಲ್ಪದರ ಚಟಚಟ ಸಿಡಿಯುತ್ತದೆ, ನಾನು ಬೇಯಿಸಿದ ಮೊಟ್ಟೆ ಹಿಡಿದುಕೊಂಡು ಪೆಚ್ಚಾಗಿ ನಿಂತಿರುತ್ತೇನೆ. ನಿನ್ನೆ ಒಬ್ಬ ಗಿರಾಕಿ ಅಂಗಡಿಯಲ್ಲೇ ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡ. ಅವನನ್ನು ಕೊಂದುಬಿಡೋಣ ಅನ್ನಿಸಿತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಇನ್ನೊಂದು ಅನಾಹುತ ಕೇಳು. ಅಪ್ಪನ ಕಟ್ಟಳೆ ಮರೆತಿಲ್ಲ ತಾನೇ? ಮೊದಲ ಬ್ರೆಡ್ಡಿನ ತುದಿಯನ್ನು ಮನೆಯವರು ಒಬ್ಬರು ತಿಂದು ಸರಿ ಅನ್ನದೆ ಒಂದು ಬ್ರೆಡ್ಡೂ ಹೊರಗೆ ಹೋಗಬಾರದು. ಅಪ್ಪನಾದ ಮೇಲೆ ಆ ತುದಿ ನನ್ನದು. ಈಗ ನನಗೆ ಪಥ್ಯ. ಒಂದು ತುದಿ ತಿಂದರೆ ಏನು ಮಹಾ ಅನ್ನಬೇಡ, ತುದಿ ಬಾಯಿಗೆ ಬಿದ್ದರೆ ಇಡೀ ಬ್ರೆಡ್ಡು ಮುಗಿಸಿಯೇ ಏಳುತ್ತೇನೆ, ನನ್ನ ಯೋಗ್ಯತೆ ನನಗೆ ಗೊತ್ತು. ಹಾಗಾಗಿ ಸೋಮವಾರ ರುಚಿ ನೋಡದೆ ಕಳಿಸಿದೆ. ಗಡಿಯಾರ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಿದ್ದ. ಇಡೀ ಬೀದಿ ಸಪ್ಪೆ ಬ್ರೆಡ್ಡು ತಿಂದಿತು. ಮಧ್ಯಾಹ್ನದೊಳಗೆ ಅರ್ಧ ಬೀದಿ ಅಂಗಡಿಗೆ ಬಂದು ನನ್ನ ಮುಖಕ್ಕೆ ಉಗಿಯಿತು. ಅಪ್ಪನ ಕಾಲದಿಂದ ಇಂಥ ಮಾನಗೇಡು ಆಗಿರಲಿಲ್ಲ.

ಈಗ ಗಡಿಯಾರನೇ ರುಚಿ ನೋಡುತ್ತಾನೆ. ಅವನದು ಸದಾ ಹೊಗೆ ಸೇದುವ ಬಾಯಿ. ಅವನಿಗೆ ಉಪ್ಪೂ ಒಂದೇ, ಬೂದಿಯೂ ಒಂದೇ.

ನೀನು ದಿನಕ್ಕೆ ಏನೇನು ತಿನ್ನುತ್ತೀಯ ಬರೆದು ಕಳಿಸು. ಹಾಳೆಯಲ್ಲಿರುವುದು ಮಾಡಿ ಮಾಡಿ ಬೇಜಾರಾಗಿದೆ.

ಹಸಿದು ಹುಲಿಯಾಗಿರುವ,
ಅಕ್ಕ

*

ಫೆಬ್ರವರಿ ೨೭

ಬನ್ನೂ,

ನಿನ್ನಿಂದ ಉತ್ತರ ಇಲ್ಲ. ಇರಲಿ, ನಾನು ಬರೆಯುತ್ತೇನೆ. ಬೈಯಲು ಯಾರಾದರೂ ಬೇಕಲ್ಲ.

ಆರು ಕಿಲೋ ಇಳಿದಿದ್ದೇನೆ. ನೀರಿನ ಪಾಲು ನೀನೇ ಕಳೆದುಕೋ. ನೀನು ಹೇಳಿದ ಹಾಗೆಯೇ ಹಸಿವು ಅಡಗಿಹೋಯಿತು. ಒಂದು ಬೆಳಗ್ಗೆ ಎದ್ದೆ, ಹೊಟ್ಟೆಯಲ್ಲಿ ಸದ್ದೇ ಇಲ್ಲ. ಖುಷಿಪಡಬೇಕು ತಾನೇ? ನನಗೆ ಕೆಂಡದಂಥ ಕೋಪ ಬಂತು. ಯಾಕೆ ಗೊತ್ತಾ? ನಾನು ಇಷ್ಟು ವರ್ಷ ಒಲೆ ನೋಡಿದ್ದು ಹೊಟ್ಟೆಯಿಂದ. ಬ್ರೆಡ್ಡು ಹದಕ್ಕೆ ಬಂದ ವಾಸನೆಗೆ ಹೊಟ್ಟೆ ಚುರುಕ್ ಅನ್ನುತ್ತಿತ್ತು, ನಾನು ಬಾಗಿಲು ತೆಗೆಯುತ್ತಿದ್ದೆ. ಈಗ ಘಮ ಬರುತ್ತದೆ, ಒಳಗಿನಿಂದ ಯಾರೂ ಓಗೊಡುವುದಿಲ್ಲ. ಎರಡು ಸಲ ಸೀದುಹೋಯಿತು.

ಆಹಾರದ ಮೇಡಂಗೆ ಇದನ್ನು ಹೇಳಿದೆ. "ಹಸಿವಾಗ್ಲಿಲ್ಲ ಅಂತ ಊಟ ಬಿಡೋ ಹಾಗಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ತುಂಬ ತಿನ್ನಲೇಬೇಕು," ಅಂತ ಗದರಿದಳು. ತಿನ್ನುತ್ತಿದ್ದೇನೆ. ನೀನು ಹನ್ನೊಂದು ವರ್ಷ ಹೀಗೆ ಹೇಗೆ ಇದ್ದೀಯೋ ಮಾರಾಯ್ತಿ. ಹಸಿವಿಲ್ಲದ ಎರಡು ವಾರಕ್ಕೇ ನನಗೆ ಮನೆಯಲ್ಲಿ ಯಾರೋ ಸತ್ತ ಹಾಗಿದೆ.

ತಕ್ಕಡಿ ಹತ್ತುವ ದಿನ ಸಾಲಿನಲ್ಲಿ ಜನ ಹೆಚ್ಚು. ಈ ವಾರ ಎಷ್ಟು ಇಳಿಯುತ್ತೇನೆ ಎಂದು ಪಂಥ ಬೇರೆ ಕಟ್ಟುತ್ತಾರೆ, ನಾಚಿಕೆಗೆಟ್ಟವರು. ನಾಳೆಯಿಂದ ಬಾಗಿಲು ಹಾಕಿಕೊಂಡು ತೂಗಿಕೊಳ್ಳುತ್ತೇನೆ. ಒಬ್ಬರ ಮೈಯನ್ನು ಹೀಗೆ ಬೀದಿಯಲ್ಲಿಟ್ಟು ನಗುವುದೆಂದರೇನು?

ನೀನು ಏನು ತಿನ್ನುತ್ತೀಯ ಅಂತ ಕೇಳಿದ್ದೆ. ಎರಡನೇ ಸಲ ಕೇಳುತ್ತಿದ್ದೇನೆ.

ಅಕ್ಕ

*

ಮಾರ್ಚ್ ೧೨

ಅಕ್ಕನಿಗೆ,

ಒಬ್ಬರ ಮೈಯನ್ನು ಬೀದಿಯಲ್ಲಿಟ್ಟು ನಗುವುದೆಂದರೇನು ಎಂದು ಕೇಳಿದ್ದೀಯ. ಆ ಸಾಲನ್ನು ಓದಿ ನಾನು ಹೊಲಿಗೆ ನಿಲ್ಲಿಸಿ ಎದ್ದುಬಿಟ್ಟೆ.

ಅದೇ ತಕ್ಕಡಿ ಅಕ್ಕ. ನನಗೆ ಹನ್ನೆರಡು ವರ್ಷ. ನಿನಗೆ ಹದಿನೆಂಟು. ಭಾನುವಾರದ ಸಾಲು ಬೀದಿಯ ತಿರುವಿನವರೆಗೂ ಇತ್ತು. "ಬಾರೇ, ಮೂಟೆ ಎಷ್ಟಿದೆ ನೋಡೋಣ" ಅಂತ ನನ್ನ ಕಂಕುಳಿಗೆ ಕೈಹಾಕಿ ಎತ್ತಿ ತಕ್ಕಡಿ ಮೇಲೆ ನಿಲ್ಲಿಸಿದವಳು ನೀನು. ಓದಿದವಳು ನೀನು. "ಅರ್ಧ ಮೂಟೆ ಮೈದಾ, ಮಿಕ್ಕಿದ್ದೆಲ್ಲ ಬನ್ನು!" ಅಂದವಳು ನೀನು. ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಆವತ್ತಿನಿಂದ ಆ ಬೀದಿಗೆ ನಾನು ಬನ್ನು. ಸ್ಕೂಲಿನಲ್ಲಿ ಬನ್ನು. ನನ್ನ ಮದುವೆ ಮಾತು ಮುರಿದಾಗ, "ಬನ್ನು ಒಲೆಯಲ್ಲೇ ಉಳೀತು" ಅಂದವರೂ ಇದ್ದಾರೆ.

ನಿನ್ನನ್ನು ನೋಡಿ ನಕ್ಕಾಗ ನೀನು ಬೈದೆ, ಬಾಗಿಲು ಹಾಕಿಕೊಂಡೆ. ನಾನು ಯಾವ ಬಾಗಿಲು ಹಾಕಿಕೊಳ್ಳಬೇಕಿತ್ತು? ಬಾಯಿಯೊಂದೇ ಇತ್ತು. ಅದನ್ನೇ ಮುಚ್ಚಿದೆ.

ಅಪ್ಪ ಹೋಗುವವರೆಗೂ ಅವನ ಮನಸ್ಸಿಗೆ ನೋವಾಗಬಾರದೆಂದು ಅವನೆದುರಿಗೆ ಬ್ರೆಡ್ಡು ತಿಂದೆ. ಅವನು ಹೋದ ದಿನ ಬಿಟ್ಟೆ. ನಾನು ಏನು ತಿನ್ನುತ್ತೇನೆ ಅನ್ನುವುದು ನಿನಗೆ ಬೇಡದ ವಿಷಯ. ನಾನು ಬರುವುದಿಲ್ಲ. ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೋ.

ಹೆಸರು ಬೇಕಿಲ್ಲದ,
ತಂಗಿ

*

ಮಾರ್ಚ್ ೨೦

ಅಬ್ಬಾ! ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಹುಳಿ ಬರಿಸಿದ್ದೀಯಲ್ಲ. ಹುದುಗು ಹಿಟ್ಟೂ ಅಷ್ಟು ದಿನ ಬಾಳುವುದಿಲ್ಲ. ಅದು ತಮಾಷೆ. ಎಲ್ಲರೂ ನಕ್ಕರು, ನೀನೂ ನಕ್ಕೆ, ನನಗೆ ಚೆನ್ನಾಗಿ ನೆನಪಿದೆ. ಒಂದು ಮಾತಿಗೆ ಮೂವತ್ತು ವರ್ಷದ ಶಿಕ್ಷೆಯೇ? ಬರಬೇಡ. ನನಗೂ ಯಾರ ಹಂಗೂ ಬೇಕಿಲ್ಲ.

ಅಕ್ಕ

*

ಮೇ ೮

ಅಕ್ಕನಿಗೆ,

ಏಪ್ರನ್ ಕಳಿಸಿದ್ದೇನೆ. ಹಳೆಯದು ಈಗ ನಿನಗೆ ಡೇರೆಯ ಹಾಗೆ ಆಗಿರಬೇಕು. ಒಲೆಯ ಹತ್ತಿರ ಸಡಿಲ ಬಟ್ಟೆ ಅಪಾಯ. ಅಷ್ಟಕ್ಕೇ ಕಳಿಸಿದ್ದು, ಬೇರೆ ಅರ್ಥ ಹಚ್ಚಬೇಡ. ಎರಡೂ ಬದಿಗೆ ಬಟ್ಟೆ ಮಡಚಿ ಬಿಟ್ಟಿದ್ದೇನೆ. ಮುಂದೆ ಬೇಕಾಗುತ್ತದೆ.

ನಕ್ಕೆ ಎಂದು ಬರೆದಿದ್ದೆ. ಹೌದು, ನಕ್ಕೆ. ಹನ್ನೆರಡು ವರ್ಷದವಳು ಅಷ್ಟು ಜನರ ಮುಂದೆ ಇನ್ನೇನು ಮಾಡುತ್ತಾಳೆ?

ತಂಗಿ

*

ಮೇ ೧೬

ತಂಗಿ,

ಏಪ್ರನ್ ಸರಿಯಾಗಿದೆ. ಏಪ್ರಿಲ್ ಪೂರ್ತಿ ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ. ಮೇಡಂ ಹಾಗೆಯೇ ಆಗುತ್ತೆ, ತಾಳ್ಮೆ ಇರಲಿ ಎಂದಳು, ನನಗೆಲ್ಲಿಯ ತಾಳ್ಮೆ, ಅವಳ ಮೇಲೆಯೇ ಕೂಗಾಡಿ ಬಂದೆ. ಈಗ ಮತ್ತೆ ಇಳಿಯುತ್ತಿದೆ. ಆಪರೇಷನ್ ಜುಲೈ ಎರಡಕ್ಕೆ ಎಂದಿದ್ದಾರೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಪಾರ್ಸೆಲ್ಲಿಗೆ ಸುತ್ತಲು ನಿನಗೆ ಬೇರೆ ಬಟ್ಟೆ ಸಿಗಲಿಲ್ಲವಾ? ಏಪ್ರನ್ನಿಗೆ ಸುತ್ತಿದ್ದು ನಿನ್ನ ಹಳೆಯ ಕಂದು ಕೋಟು. ಅಪ್ಪ ಹೋದಾಗ ನೀನು ಹಾಕಿಕೊಂಡಿದ್ದ ಕೋಟು, ನನಗೆ ಗುರುತಿದೆ. ಒಳಗು ಹೊರಗು ಮಾಡಿ ನೋಡಿದೆ. ಸೊಂಟದ ಹತ್ತಿರ ಕಂದು ದಾರದ ಹೊಲಿಗೆ. ಅದರ ಒಳಗೆ ಕಪ್ಪು ದಾರದ್ದು. ಅದರ ಒಳಗೆ ನೀಲಿ, ಮತ್ತೂ ಒಳಗೆ ಬಿಳಿ, ಒಂದೊಂದು ಸಲವೂ ಕೋಟನ್ನು ಇನ್ನಷ್ಟು ಒಳಗೆ ಹಿಡಿದಿದ್ದೀಯ. ಬೇರೆಯವರ ಬಟ್ಟೆಗಾದರೆ ಬಣ್ಣ ನೋಡಿ ದಾರ ಪೋಣಿಸುವವಳು ನಿನ್ನದಕ್ಕೆ ಕೈಗೆ ಸಿಕ್ಕ ದಾರ ಹಾಕಿದ್ದೀಯ. ಬಿಚ್ಚಿಸಿಕೊಳ್ಳಲು ಬರುವ ಗಿರಾಕಿಗಳನ್ನು ನೋಡಿ ಆಡಿಕೊಳ್ಳುತ್ತೀಯಲ್ಲ, ಇದರಲ್ಲಿ ಒಂದು ಹೊಲಿಗೆಯನ್ನಾದರೂ ಬಿಚ್ಚಿದ್ದೀಯಾ? ನಾನು ಆ ಕೋಟಿನ ಗುಂಡಿ ಹಾಕಿ ನೋಡಿದೆ. ನಮ್ಮ ಹಿಟ್ಟು ಸುರಿಯುವ ಚೀಲವೇ ಅದಕ್ಕಿಂತ ಅಗಲ. ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತೆ. ಆಮೇಲೆ ಎಂಥ ಸಿಟ್ಟು ಬಂತೆಂದರೆ ಗಡಿಯಾರ ಹೆದರಿ ಹೊರಗೆ ಹೋದ.

ಕೋಟು ತೆಗೆದುಕೊಂಡು ಮೇಡಂ ಹತ್ತಿರ ಹೋದೆ. ಹನ್ನೊಂದು ವರ್ಷದಿಂದ ಹಸಿವೇ ಆಗಲ್ಲ ಅನ್ನುವವರು ಒಬ್ಬರಿದ್ದಾರೆ, ಏನು ತಿನ್ನುತ್ತೀಯ ಅಂತ ಕೇಳಿದರೆ ಬಾಯಿ ಬಿಡಲ್ಲ ಅಂದೆ. ಅವಳು ಪೆನ್ನು ಕೆಳಗಿಟ್ಟಳು. "ನಿಮಗೆ ನಾನು ಕೊಟ್ಟಿದ್ದೇ ಬೇರೆ, ಇದೇ ಬೇರೆ. ಅವರನ್ನ ಬೇಗ ಡಾಕ್ಟರಿಗೆ ತೋರಿಸಿ," ಅಂದಳು.

ನನ್ನ ಪಥ್ಯಕ್ಕೆ ಒಂದು ಕೊನೆ ಇದೆ, ತಟ್ಟೆ ತುಂಬ ಊಟ ಇದೆ, ಗದರುವವರಿದ್ದಾರೆ. ನಿನ್ನದಕ್ಕೆ ಏನಿದೆ? ನನಗೆ ಕೊಡಬೇಕಾದ ಶಿಕ್ಷೆಯನ್ನು ನಿನ್ನ ಹೊಟ್ಟೆಗೆ ಕೊಡುತ್ತಿದ್ದೀಯಲ್ಲೇ, ಪೆದ್ದಿ. ಬೈಯಬೇಕಾ, ಬಂದು ನನ್ನನ್ನು ಬೈ. ತಕ್ಕಡಿ ಎತ್ತಿ ನನ್ನ ತಲೆಯ ಮೇಲೆ ಹಾಕು. ಹೊಟ್ಟೆ ಏನು ಮಾಡಿತ್ತು?

ನೀನು ಬರದಿದ್ದರೆ ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ. ಮಂಡಿ ಕೊಳೆಯಲಿ, ಬೇಕರಿ ಮುಚ್ಚಲಿ. ನಾನು ಹೇಳಿದ್ದನ್ನು ಮಾಡುವವಳು ಅಂತ ನಿನಗೆ ಗೊತ್ತಿದೆ.

ಅಕ್ಕ

*

ಜೂನ್ ೩

ಅಕ್ಕನಿಗೆ,

ಇದಕ್ಕೆ ಬೆದರಿಕೆ ಅನ್ನುತ್ತಾರೆ. ಕೋಟು ಬೇರೆಯವರಿಗೆ ತೋರಿಸಲು ನಿನಗೆ ಯಾರು ಅಧಿಕಾರ ಕೊಟ್ಟರು? ಮತ್ತೆ ನನ್ನನ್ನು ತಕ್ಕಡಿ ಹತ್ತಿಸಿದ ಹಾಗಾಯಿತು.

ಬರುತ್ತೇನೆ. ನಿನ್ನ ಮಂಡಿಗಾಗಿ ಮಾತ್ರ. ಆ ತಕ್ಕಡಿ ನನ್ನ ಕಣ್ಣಿಗೆ ಬೀಳಬಾರದು. ನನ್ನ ಊಟದ ಬಗ್ಗೆ ಒಂದೇ ಒಂದು ಮಾತು ಎತ್ತಿದರೂ ಅದೇ ಬಸ್ಸಿಗೆ ವಾಪಸ್ಸು.

ತಂಗಿ

*

ಜೂನ್ ೧೦

ತಂಗಿ,

ತಕ್ಕಡಿಯನ್ನು ಹಿಂದಿನ ಕೋಣೆಗೆ ಹಾಕಿಸಿ ಬೀಗ ಜಡಿದಿದ್ದೇನೆ. ನಿನ್ನ ಊಟದ ಬಗ್ಗೆ ತುಟಿ ಬಿಚ್ಚುವುದಿಲ್ಲ, ಅಪ್ಪನಾಣೆ. ಬೇಕರಿ ಕೆಲಸದ ಬಗ್ಗೆ ಮಾತಾಡಬೇಡ ಅಂತ ಮಾತ್ರ ನೀನು ಹೇಳಿಲ್ಲ.

ಅಕ್ಕ

*

ಆಗಸ್ಟ್ ೧

ಅಕ್ಕಾ,

ಮೋಸಗಾತಿ!

ಎದುರಿಗೆ ಹೇಳಲಾಗಲಿಲ್ಲ, ಊರುಗೋಲು ಹಿಡಿದವಳ ಜೊತೆ ಜಗಳ ಆಡುವುದು ಹೇಗೆ? ಈಗ ಬರೆಯುತ್ತೇನೆ. ನೀನು ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಗ್ಗೆ ಗಡಿಯಾರ ಮೊದಲ ಬ್ರೆಡ್ಡಿನ ತುದಿಯನ್ನು ತಟ್ಟೆಯಲ್ಲಿಟ್ಟುಕೊಂಡು ನನ್ನ ಮುಂದೆ ಬಂದು ನಿಂತ. ಮಂಚದ ಮೇಲಿಂದ ನೀನು ಎಷ್ಟು ಸಾಚಾ ದನಿಯಲ್ಲಿ ಹೇಳಿದೆ, "ನಾನು ಪಥ್ಯದವಳು. ಮನೆಯವರು ಅಂದ್ರೆ ನೀನೇ. ತಿನ್ನು ಅಂತ ನಾನೆಲ್ಲಿ ಹೇಳ್ದೆ? ಉಪ್ಪು ನೋಡು ಅಷ್ಟೇ. ಜನ ಕಾಯ್ತಿದಾರೆ." ನಾನು ಬೇಡ ಎಂದೆ. ನೀನು ಕಣ್ಣು ಮುಚ್ಚಿಕೊಂಡೆ. ಅಂಗಡಿಯ ಬಾಗಿಲು ತೆರೆಯಲಿಲ್ಲ. ಸಾಲು ಬೆಳೆಯಿತು. ಹೊರಗೆ ಬಾಗಿಲು ಬಡಿಯಲು ಶುರು ಮಾಡಿದರು. "ಏನಮ್ಮ, ಇವತ್ತು ಬ್ರೆಡ್ಡು ಕೊಡ್ತೀರೋ ಇಲ್ವೋ?" ಅಂತ ಯಾರೋ ಅರಚಿದರು. ಒಂದು ಬೀದಿ ಪೂರ್ತಿ ನನ್ನ ಬಾಯಿಗಾಗಿ ಕಾಯುತ್ತಿತ್ತು, ನೀನು ಮಾತ್ರ ಗೊರಕೆ ಹೊಡೆಯುವ ನಾಟಕ ಆಡುತ್ತಿದ್ದೆ.

ಕಚ್ಚಿದೆ. ಅಗಿದು ಹಿತ್ತಲಿಗೆ ಹೋಗಿ ಉಗಿದೆ. ಮೊದಲ ವಾರ ದಿನಾ ಉಗಿದೆ. ನಿನಗೆ ಗೊತ್ತಿತ್ತು, ನೀನು ತುಟಿ ಬಿಚ್ಚಲಿಲ್ಲ. ಆ ಒಂದು ಉಪಕಾರಕ್ಕೆ ನಿನ್ನನ್ನು ಅರ್ಧ ಕ್ಷಮಿಸಿದ್ದೇನೆ. ಮಿಕ್ಕ ಅರ್ಧ ಹಾಗೆಯೇ ಇದೆ, ಅದನ್ನು ನೀನು ಕೇಳಬೇಡ. ಆಮೇಲೊಂದು ದಿನ ಉಗಿಯಲು ಹೋದರೆ ಬಾಯಲ್ಲಿ ಏನೂ ಉಳಿದಿರಲಿಲ್ಲ. ಕೊನೆಯ ದಿನ "ಉಪ್ಪು ಗೊತ್ತಾಗ್ತಿಲ್ಲ, ಇನ್ನೊಂದು ಚೂರು ಕೊಡು" ಅಂದೆನಲ್ಲ. ಉಪ್ಪು ಸರಿಯಾಗಿಯೇ ಇತ್ತು.

ಇಲ್ಲಿ ಒಬ್ಬ ಡಾಕ್ಟರನ್ನು ನೋಡಿದೆ. ಬಹಳ ದಿನ ಹಿಡಿಯುತ್ತದೆ ಎಂದಿದ್ದಾರೆ. ವಾರಕ್ಕೊಮ್ಮೆ ಬರಬೇಕು. ತೂಗುವಾಗ ಮುಳ್ಳಿಗೆ ಬೆನ್ನು ಮಾಡಿ ನಿಲ್ಲಿಸುತ್ತಾರೆ, ಯಾರೂ ಓದಿ ಹೇಳುವುದಿಲ್ಲ.

ನಿನ್ನೆ ಬಸ್ಸಿನಲ್ಲಿ ನಿಂತಿದ್ದೆ. ಹೊಟ್ಟೆ ಗುರ್ ಅಂದಿತು. ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ. ನನಗೆ ಅದು ಏನೆಂದೇ ಮೊದಲು ತಿಳಿಯಲಿಲ್ಲ. ತಿಳಿದಾಗ ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಆಮೇಲೆ ನಿನ್ನ ಮೇಲೆ ಎಂಥ ಸಿಟ್ಟು ಬಂತು! ಅಷ್ಟು ವರ್ಷ ಹಲ್ಲು ಕಚ್ಚಿ ಮಲಗಿಸಿದ್ದನ್ನು ಮೂರೇ ವಾರಕ್ಕೆ ಎಬ್ಬಿಸಿ ಕೂರಿಸಿದ್ದೀಯ, ಇನ್ನು ಇದರ ಜೊತೆ ನಾನೊಬ್ಬಳೇ ಬದುಕಬೇಕು. ನಿನ್ನಲ್ಲಿಂದ ವಾಪಸ್ಸು ತಂದ ಕಂದು ಕೋಟಿನ ಬಿಳಿ ದಾರ ಬಿಚ್ಚಿದೆ. ಅದೊಂದೇ, ಮಿಕ್ಕಿದ್ದಕ್ಕೆ ಇನ್ನೂ ಧೈರ್ಯ ಇಲ್ಲ. ಇಲ್ಲಿಯ ಅಂಗಡಿಯಿಂದ ಬ್ರೆಡ್ಡು ತಂದೆ, ಉಪ್ಪೂ ಇಲ್ಲ, ಹದವೂ ಇಲ್ಲ, ಅದನ್ನು ಮಾಡಿದವನನ್ನು ನಿನ್ನ ಕೈಗೆ ಒಪ್ಪಿಸಬೇಕು.

ನನಗೆ ಹಸಿವಾಗುತ್ತಿದೆ ಅಕ್ಕ. ಈ ಕಾಗದ ಸಿಕ್ಕ ಮಾರನೆಯ ದಿನದ ಮೊದಲ ಬ್ರೆಡ್ಡನ್ನು ತುದಿ ಕತ್ತರಿಸದೆ ಕಳಿಸು.

ನಿನ್ನ ತಂಗಿ